ಇಂಟರ್ವಲ್ ಇಲ್ಲದ ಸಿನಿಮಾ: ದೋಹಾ ಚಿತ್ರೋತ್ಸವಕ್ಕೆ ಹೊಸಬರಿಗೆ

ಚಿತ್ರೋತ್ಸವದ ಸಿನಿಮಾಗೆ ಇಂಟರ್ವಲ್ ಇರುವುದಿಲ್ಲ. ದೋಹಾದ ಕನ್ನಡ ಗೆಳೆಯರನ್ನು ಕರೆದುಕೊಂಡು ಹೋದಾಗಲೆಲ್ಲ ಮೊದಲು ಇದನ್ನೇ ಹೇಳುತ್ತೇನೆ. ಹೇಳದಿದ್ದರೆ ಒಂದು ಗಂಟೆ ಕಳೆಯುತ್ತಿದ್ದಂತೆ ಪಕ್ಕದ ಸೀಟಿನಲ್ಲಿ ಚಡಪಡಿಕೆ ಶುರುವಾಗುತ್ತದೆ. ಬೇಸರ ಬಂದಿರುವುದಿಲ್ಲ, ರೂಢಿ ಎಳೆಯುತ್ತಿರುತ್ತದೆ. ನಾವು ನೋಡಿ ಬೆಳೆದ ಸಿನಿಮಾ ಮೊದಲರ್ಧದಲ್ಲಿ ಒಂದು ಗಂಟು ಹಾಕಿ, ನಮ್ಮನ್ನು ಕಾಫಿಗೆ ಕಳಿಸಿ, ವಾಪಸು ಬಂದ ಮೇಲೆ ಬಿಚ್ಚುತ್ತದೆ. ಆ ಲಯ ಮೈಗೇ ಹತ್ತಿಬಿಟ್ಟಿದೆ. ಉತ್ಸವದ ಚಿತ್ರಗಳಲ್ಲಿ ಹೆಚ್ಚಿನವು ಒಂದೂವರೆ, ಎರಡು ಗಂಟೆಯ ಒಂದೇ ಓಟ. ಗಂಟು ಎಲ್ಲಿ ಬೀಳುತ್ತದೆ ಎಂದು ಕಾಯುತ್ತ ಕೂತರೆ ಕಣ್ಣೆದುರಿಗಿರುವುದು ತಪ್ಪಿಹೋಗುತ್ತದೆ. 'ಅವಾರ್ಡ್ ಸಿನಿಮಾ ನಮಗೆ ಅರ್ಥವಾಗಲ್ಲ ಬಿಡಿ' ಎನ್ನುವವರ ತೊಡಕು ಬಹುಪಾಲು ಇಷ್ಟೇ. ಮೂರು ಸಿನಿಮಾ ನೋಡುವಷ್ಟರಲ್ಲಿ ಅದು ಕಳೆಯುತ್ತದೆ.

ಇಲ್ಲಿನ ಹಬ್ಬದ ಚರಿತ್ರೆ ಚಿಕ್ಕದು. 2009ರ ಅಕ್ಟೋಬರ್ ಕೊನೆಯಲ್ಲಿ, ನ್ಯೂಯಾರ್ಕಿನ ಟ್ರೈಬೆಕಾ ಉತ್ಸವದ ಜೊತೆಗೂಡಿ ದೋಹಾ ಟ್ರೈಬೆಕಾ ಚಿತ್ರೋತ್ಸವ ಶುರುವಾಯಿತು. ಇಸ್ಲಾಮಿಕ್ ಕಲಾ ಮ್ಯೂಸಿಯಂನಲ್ಲಿ ಮೀರಾ ನಾಯರ್ ಅವರ 'ಅಮೇಲಿಯಾ' ಮೊದಲ ಚಿತ್ರ. ಮರುವರ್ಷ ದೋಹಾ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು, ಹಬ್ಬ ಕತಾರಾ ಸಾಂಸ್ಕೃತಿಕ ಗ್ರಾಮಕ್ಕೆ ಹೋಯಿತು. 2012ಕ್ಕೆ ಟ್ರೈಬೆಕಾ ಜೊತೆಗಿನ ಹಬ್ಬ ಮುಗಿದು, 2013ರಿಂದ ಎಳೆಯರ 'ಅಜ್ಯಾಲ್', 2015ರಿಂದ ಬೇಸಗೆ ಏರುವ ಮುನ್ನ ಹೊಸ ನಿರ್ದೇಶಕರನ್ನು ಬೆಳೆಸುವ 'ಕುಮ್ರಾ' ಬಂದವು. 2025ರ ನವೆಂಬರ್ 20ರಿಂದ 28ರವರೆಗೆ ಮೊದಲ ದೋಹಾ ಚಿತ್ರೋತ್ಸವ ನಡೆಯಿತು. ಹೊಸಬರು ಇಲ್ಲಿಂದ ಹಿಡಿದುಕೊಂಡರೆ ಸಾಕು.

ಕಾರ್ಯಕ್ರಮ ಪಟ್ಟಿ ಕೈಗೆ ಬಂದೊಡನೆ 'ಸ್ಪರ್ಧೆ' ಎಂಬ ಮಾತು ಕಾಣುತ್ತದೆ. 2025ರ ಮೊದಲ ಉತ್ಸವದಲ್ಲೇ ಪೂರ್ಣಾವಧಿ ಚಿತ್ರ, ಕಿರುಚಿತ್ರ, ಕತಾರಿನಲ್ಲೇ ತಯಾರಾದವು, ಅಜ್ಯಾಲ್ ಎಂದು ನಾಲ್ಕು ಸ್ಪರ್ಧೆಗಳಿದ್ದವು. ಸ್ಪರ್ಧೆ ಎಂದರೆ ಓಟದ ಪಂದ್ಯದಂತೆ ಯಾರು ಮುಂದೆ ಎಂದು ನೋಡುವುದು ಎಂದುಕೊಂಡು ಬಹಳ ಜನ ಗೆದ್ದ ಚಿತ್ರಕ್ಕಾಗಿಯೇ ಕಾಯುತ್ತಾರೆ. ನನ್ನ ಮಾತು ಕೇಳುವುದಾದರೆ ಬಹುಮಾನ ಪ್ರಕಟವಾಗುವ ಮೊದಲೇ ಹೋಗಿ. ಹೆಸರಿನ ಹಂಗಿಲ್ಲದೆ ಸಿನಿಮಾ ನೋಡಲು ಸಿಗುವ ಜಾಗ ಸ್ಪರ್ಧಾ ವಿಭಾಗ ಒಂದೇ. ನಮ್ಮದೇ 'ತಿಥಿ'ಯನ್ನು ನೆನಪಿಸಿಕೊಳ್ಳಿ. 2015ರಲ್ಲಿ ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ, ಹೊಸ ನಿರ್ದೇಶಕರಿಗೇ ಮೀಸಲಾದ ಸ್ಪರ್ಧೆಯಲ್ಲಿ ತೆರೆ ಕಂಡಾಗ ನಿರ್ದೇಶಕ ರಾಮ್ ರೆಡ್ಡಿ ಎಂದರೆ ಯಾರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಟಿಸಿದವರು ಮಂಡ್ಯದ ಕಡೆಯ ಹಳ್ಳಿಯ ಜನ. ಚಿತ್ರ ಆ ವಿಭಾಗದ 'ಚಿನ್ನದ ಚಿರತೆ' ಪ್ರಶಸ್ತಿ ಗೆದ್ದು ಬಂತು. ಆ ದಿನ ಅಲ್ಲಿ ಕೂತಿದ್ದ ಪ್ರೇಕ್ಷಕನಿಗೆ ನೆಚ್ಚಿಕೊಳ್ಳಲು ತನ್ನ ಕಣ್ಣು, ಕಿವಿ ಬಿಟ್ಟರೆ ಬೇರೇನೂ ಇರಲಿಲ್ಲ. ದೋಹಾದಲ್ಲಿ ನೀವೂ ಹಾಗೆಯೇ ಕೂರಬಹುದು.

ಕಿವಿಯ ಮಾತು ಬಂದಿದ್ದರಿಂದ ಒಂದು ಚಿತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2025ರ ಹಬ್ಬ ತೆರೆದುಕೊಂಡಿದ್ದು ಟ್ಯುನಿಸಿಯಾದ ಕೌಥರ್ ಬೆನ್ ಹನಿಯಾ ಅವರ 'ದ ವಾಯ್ಸ್ ಆಫ್ ಹಿಂದ್ ರಜಬ್' ಚಿತ್ರದಿಂದ. 2024ರ ಜನವರಿ 29ರಂದು ಗಾಜಾ ನಗರದಲ್ಲಿ ಗುಂಡಿನ ದಾಳಿಗೆ ಸಿಕ್ಕಿದ ಕಾರೊಳಗಿಂದ ಒಂದು ಪುಟ್ಟ ಹುಡುಗಿ ಫೋನಿನಲ್ಲಿ ಸಹಾಯ ಬೇಡಿದಳು. ಆ ಕರೆಯನ್ನು ತೆಗೆದುಕೊಂಡ ಕೆಂಪು ಅರ್ಧಚಂದ್ರ ಸಂಸ್ಥೆಯ ಕಚೇರಿಯೊಳಗೇ ಬಹುತೇಕ ಇಡೀ ಸಿನಿಮಾ ನಡೆಯುತ್ತದೆ. ಕಚೇರಿಯವರಾಗಿ ನಟರಿದ್ದಾರೆ. ಫೋನಿನಿಂದ ಬರುವ ದನಿ ಮಾತ್ರ ಆ ಮಗುವಿನದೇ, ಅಂದಿನ ಧ್ವನಿಮುದ್ರಣ. ಕರೆ ನಡೆಯುವಷ್ಟು ಹೊತ್ತೂ ಕ್ಯಾಮೆರಾ ಗಾಜಾಕ್ಕೆ ಹೋಗುವುದಿಲ್ಲ. ಹೆಡ್‌ಫೋನು ಹಾಕಿಕೊಂಡ ಮುಖ, ಮೇಜಿನ ಮೇಲಿನ ಕಂಪ್ಯೂಟರ್ ಪರದೆ, ಗಾಜಿನ ಗೋಡೆ ಇಷ್ಟೇ ಕಾಣುತ್ತದೆ. ಏನನ್ನು ತೋರಿಸಬಾರದು ಎಂದು ನಿರ್ದೇಶಕಿ ತೀರ್ಮಾನಿಸಿದ್ದೇ ಆ ಚಿತ್ರದ ಶಿಲ್ಪ. ಇದನ್ನು ಅರಿತು ನೋಡಿದವರಿಗೆ 'ಒಂದೇ ರೂಮಿನಲ್ಲಿ ಮುಗಿಸಿಬಿಟ್ಟರಲ್ಲ' ಎಂಬ ಮಾತು ಬಾಯಿಗೆ ಬರುವುದಿಲ್ಲ. ಯಾವ ಸ್ಪರ್ಧಾ ಚಿತ್ರಕ್ಕೆ ಹೋದರೂ ಈ ಎರಡು ಪ್ರಶ್ನೆ ಜೇಬಿನಲ್ಲಿರಲಿ: ಕ್ಯಾಮೆರಾ ಎಲ್ಲಿ ನಿಂತಿದೆ? ಎಲ್ಲಿಗೆ ಹೋಗಲು ಒಪ್ಪುತ್ತಿಲ್ಲ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಅತ್ಯಂತ ಸುಲಭದ ದಾರಿ ಎರಡು ಚಿತ್ರಗಳನ್ನು ಜೋಡಿಸಿ ನೋಡುವುದು. ನಾನು ಮಾಡಿಕೊಂಡ ಒಂದು ಜೋಡಿ ಇದೆ. ದೋಹಾ ಫಿಲ್ಮ್ ಇನ್‌ಸ್ಟಿಟ್ಯೂಟ್ ನೆರವು ಕೊಟ್ಟ ಚಿತ್ರಗಳಲ್ಲಿ ಜೋರ್ಡಾನಿನ ನಾಜಿ ಅಬು ನೊವಾರ್ ಅವರ 'ಥೀಬ್' (2014) ಒಂದು. ಥೀಬ್ ಎಂದರೆ ತೋಳ. ಮೊದಲ ಮಹಾಯುದ್ಧದ ಕಾಲದ ಮರುಭೂಮಿ, ಬೆಡುವಿನ್ ಹುಡುಗ, ಒಬ್ಬ ಇಂಗ್ಲಿಷ್ ಅಧಿಕಾರಿ, ಅವನು ಯಾರಿಗೂ ಮುಟ್ಟಲು ಬಿಡದ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲೇನಿದೆ ಎಂದು ಹುಡುಗನಿಗೆ ಗೊತ್ತಿಲ್ಲ, ಆದ್ದರಿಂದ ನಮಗೂ ಗೊತ್ತಿಲ್ಲ. ದೊಡ್ಡವರ ಯುದ್ಧ, ರೈಲು, ಸಾಮ್ರಾಜ್ಯ ಎಲ್ಲವೂ ಅವನ ಎತ್ತರಕ್ಕೆ ಎಷ್ಟು ಕಂಡೀತೋ ಅಷ್ಟೇ. ಇದರ ಪಕ್ಕಕ್ಕೆ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಇಡಿ. ವೇದ ಕಲಿಯಲು ಮನೆ ಬಿಟ್ಟು ಬಂದ ನಾಣಿ ಎಂಬ ಪುಟ್ಟ ಮಾಣಿ, ಅವನನ್ನು ತಾಯಿಯಂತೆ ನೋಡಿಕೊಳ್ಳುವ ವಿಧವೆ ಯಮುನಾ. ಅವಳ ಮೇಲೆ ಅಗ್ರಹಾರ ಏನು ಹೊರಿಸುತ್ತಿದೆ ಎಂದು ನಾಣಿಗೆ ಪೂರ್ತಿ ತಿಳಿಯುವುದಿಲ್ಲ. ಕತ್ತಲಲ್ಲಿ ಅವಳು ಹುತ್ತಕ್ಕೆ ಕೈ ಹಾಕುವ ದೃಶ್ಯದಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದು ಹಾವಿನ ಭಯಕ್ಕಷ್ಟೇ ಅಲ್ಲ. ಆ ಮಗುವಿಗೆ ಅರ್ಥವಾಗದ್ದು ನಮಗೆ ಅರ್ಥವಾಗಿಬಿಟ್ಟಿರುತ್ತದೆ. ಒಂದು ಮಲೆನಾಡಿನ ಕಪ್ಪು ಬಿಳುಪು, ಇನ್ನೊಂದು ವಾದಿ ರಮ್‌ನ ಕೆಂಪು ಮರಳು. ನಡುವೆ ಮೂವತ್ತೇಳು ವರ್ಷ. ಎರಡೂ ಕಡೆ ಕ್ಯಾಮೆರಾ ಹುಡುಗನ ಕಣ್ಣಿನ ಮಟ್ಟಕ್ಕೆ ಇಳಿದು ನಿಂತಿದೆ. ಇದನ್ನು ಒಮ್ಮೆ ಕಂಡುಕೊಂಡರೆ ಅರಬ್ ಸಿನಿಮಾ ನಿಮಗೆ ಪರಕೀಯ ಅನ್ನಿಸುವುದಿಲ್ಲ.

'ಘಟಶ್ರಾದ್ಧ' ಹಳೆಯದಾಯಿತು ಎನ್ನುವವರಿಗೆ ಒಂದು ಸುದ್ದಿ: ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಮೂಲ ನೆಗೆಟಿವ್‌ನಿಂದ ಜೀರ್ಣೋದ್ಧಾರ ಮಾಡಿಸಿ, 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು.

ಹಳೆಯ ಚಿತ್ರದ ಮಾತಿನಿಂದ ನನಗೆ ಸ್ಪರ್ಧೆಗಿಂತ ಪ್ರಿಯವಾದ ಭಾಗಕ್ಕೆ ಬಂದೆವು. ರೆಟ್ರಾಸ್ಪೆಕ್ಟಿವ್ ಎನ್ನುವುದಕ್ಕೆ ಕನ್ನಡದಲ್ಲಿ ಸಿಂಹಾವಲೋಕನ ಎನ್ನುತ್ತೇವೆ. ಸಿಂಹ ನಡೆಯುತ್ತ ನಡೆಯುತ್ತ ನಿಂತು, ತಾನು ಬಂದ ದಾರಿಯನ್ನು ತಿರುಗಿ ನೋಡುತ್ತದಂತೆ. ಒಬ್ಬ ನಿರ್ದೇಶಕನ ಅಥವಾ ಒಂದು ನಾಡಿನ ಚಿತ್ರಗಳನ್ನು ಸಾಲಾಗಿ ತೋರಿಸುವಾಗ ನಡೆಯುವುದು ಅದೇ. ಅಲ್ಜೀರಿಯಾ ಸ್ವತಂತ್ರವಾಗಿ ಐವತ್ತು ವರ್ಷ ತುಂಬಿದ 2012ರಲ್ಲಿ ದೋಹಾ ಟ್ರೈಬೆಕಾ ಆ ನಾಡಿನ ಸಿನಿಮಾಗೆ ಹೀಗೊಂದು ಗೌರವ ಸಲ್ಲಿಸಿತು. ಕುಮ್ರಾದಲ್ಲಿ ಇದು ಇನ್ನೂ ಆಪ್ತವಾಗಿ ನಡೆಯುತ್ತದೆ. ವರ್ಷ ವರ್ಷ ಕೆಲವು ದೊಡ್ಡ ನಿರ್ದೇಶಕರನ್ನು ಗುರುಗಳಾಗಿ ಕರೆಸುತ್ತಾರೆ: ಅಬ್ದರ್ರಹ್ಮಾನ್ ಸಿಸ್ಸಾಕೊ, ನೂರಿ ಬಿಲ್ಗೆ ಜೇಲಾನ್, ಕ್ಲೇರ್ ಡೆನಿ, ಅಪಿಚಾಟ್‌ಪಾಂಗ್ ಅಂಥವರು ಬಂದು ಹೋಗಿದ್ದಾರೆ. ಅವರ ಹಳೆಯ ಚಿತ್ರಗಳನ್ನು ಸಾರ್ವಜನಿಕರಿಗೂ ತೋರಿಸಿ, ಆಮೇಲೆ ಮಾತುಕತೆ ಇಡುತ್ತಾರೆ. ಹೊಸಬರು ಹಬ್ಬವನ್ನು ಇಲ್ಲಿಂದಲೇ ಶುರು ಮಾಡಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಏಕೆಂದರೆ ಒಂದೇ ಕೈಯ ಮೂರು ನಾಲ್ಕು ಕೃತಿ ನೋಡಿದಾಗ ಮಾತ್ರ ಕೈಯ ಗುರುತು ಹತ್ತುತ್ತದೆ. ಹಬ್ಬ ಬರುವವರೆಗೆ ಕಾಯಬೇಕಿಲ್ಲ, ಮನೆಯಲ್ಲೇ ಅಭ್ಯಾಸ ಮಾಡಬಹುದು. ನಾಲ್ಕು ಶುಕ್ರವಾರ ಬಿಡುವು ಮಾಡಿಕೊಂಡು ಕಾಸರವಳ್ಳಿಯವರ 'ಘಟಶ್ರಾದ್ಧ', 'ತಬರನ ಕಥೆ', 'ದ್ವೀಪ', 'ಗುಲಾಬಿ ಟಾಕೀಸ್' ಇದೇ ಅನುಕ್ರಮದಲ್ಲಿ ನೋಡಿ. ಮೊದಲನೆಯದರಲ್ಲಿ ಅಗ್ರಹಾರ, ಎರಡನೆಯದರಲ್ಲಿ ಸರಕಾರಿ ಕಚೇರಿ, ಮೂರನೆಯದರಲ್ಲಿ ಏರುತ್ತಿರುವ ಅಣೆಕಟ್ಟಿನ ನೀರು, ನಾಲ್ಕನೆಯದರಲ್ಲಿ ಕುಂದಾಪುರದ ಕಡಲತೀರಕ್ಕೆ ಬಂದ ಬಣ್ಣದ ಟಿವಿ. ಪ್ರತಿ ಸಲವೂ ಒಂದು ದೊಡ್ಡ ವ್ಯವಸ್ಥೆಯ ಎದುರು ಒಬ್ಬ ಒಂಟಿ ಜೀವ. ಉಮಾಶ್ರೀ ಅವರ ಗುಲಾಬಿ ಸಿನಿಮಾ ಹುಚ್ಚಿನ ಸೂಲಗಿತ್ತಿ, ಟಾಕೀಸಿಗೆ ಓಡುವವಳು. ಕರಾವಳಿಯಿಂದ ಕತಾರಿಗೆ ಬಂದು ನೆಲೆಸಿದವರಿಗೆ ಅವಳು ನೆರೆಮನೆಯ ಹೆಂಗಸಿನ ಹಾಗೆ ಕಾಣುತ್ತಾಳೆ. ನಾಲ್ಕನೆಯ ಶುಕ್ರವಾರದ ಹೊತ್ತಿಗೆ ಮಳೆ, ಬಾಗಿಲು, ದೀಪ ಇವನ್ನು ಅವರು ಎಲ್ಲಿಡುತ್ತಾರೆ ಎಂದು ನಿಮಗೇ ಮೊದಲೇ ಹೊಳೆಯತೊಡಗುತ್ತದೆ. ಹಾಗೆ ಹೊಳೆದ ಕಣ್ಣನ್ನು ತೆಗೆದುಕೊಂಡು ಜೇಲಾನ್ ಅವರ ಚಿತ್ರಗಳಲ್ಲಿ ಸುರಿಯುವ ಹಿಮದ ಮುಂದೆ ಕೂರಿ.

ಮಕ್ಕಳಿರುವವರಿಗೆ ಒಂದು ಮಾತು. ಅಜ್ಯಾಲ್ ಎಂದರೆ ತಲೆಮಾರುಗಳು. ಇಟಲಿಯ ಜಿಫೋನಿ ಮಕ್ಕಳ ಚಿತ್ರೋತ್ಸವದ ದಾರಿಯಲ್ಲಿ ನಡೆದ ಇದು ತೀರ್ಪನ್ನೇ ಎಳೆಯರ ಕೈಗೆ ಕೊಟ್ಟಿತು. ಎಂಟು ವರ್ಷದಿಂದ ಮೇಲಿನ ಎಳೆಯರನ್ನು ವಯಸ್ಸಿಗೆ ತಕ್ಕಂತೆ ಮೊಹಾಕ್, ಹಿಲಾಲ್, ಬದರ್ ಎಂದು ಮೂರು ತಂಡ ಮಾಡುತ್ತಿದ್ದರು. ಅಂದರೆ ಅಮಾವಾಸ್ಯೆಯ ಚಂದ್ರ, ಬಿದಿಗೆಯ ಚಂದ್ರ, ಹುಣ್ಣಿಮೆಯ ಚಂದ್ರ. ಬೇರೆ ಬೇರೆ ನಾಡಿನ ಮಕ್ಕಳು ಒಟ್ಟಿಗೆ ಚಿತ್ರ ನೋಡಿ, ವಾದ ಮಾಡಿ, ಮತ ಹಾಕುವುದು ಎಂಥ ಶಿಕ್ಷಣ ಎಂದು ಯೋಚಿಸಿ. 2025ರ ಉತ್ಸವವೂ ಅಜ್ಯಾಲ್ ಸ್ಪರ್ಧೆಯನ್ನು ಉಳಿಸಿಕೊಂಡಿದೆ. ವಯಸ್ಸಿನ ನಿಯಮ ನೋಡಿಕೊಂಡು, ತೀರ್ಪುಗಾರರಾಗಲು ನಿಮ್ಮ ಮನೆಯ ಮಕ್ಕಳ ಹೆಸರನ್ನು ದಯವಿಟ್ಟು ಕೊಡಿ.

ಉಳಿದದ್ದು ಸಣ್ಣ ಸಂಗತಿಗಳು. ಕತಾರಾಕ್ಕೆ ಮೆಟ್ರೋದ ಕೆಂಪು ಮಾರ್ಗ ಹೋಗುತ್ತದೆ, ಅದೇ ಹೆಸರಿನ ನಿಲ್ದಾಣ. ಸಬ್‌ಟೈಟಲ್ ಓದುವುದಕ್ಕೆ ಮೊದಲ ಹತ್ತು ನಿಮಿಷ ಕಷ್ಟವಾಗುತ್ತದೆ, ಆಮೇಲೆ ಓದುತ್ತಿದ್ದೇವೆಂಬುದೇ ಮರೆಯುತ್ತದೆ. ತೆರೆಗೆ ತೀರಾ ಹತ್ತಿರ ಕೂರಬೇಡಿ, ಕಣ್ಣು ಕೆಳಗಿನ ಅಕ್ಷರಕ್ಕೂ ಮೇಲಿನ ಮುಖಕ್ಕೂ ಓಡಾಡಿ ದಣಿಯುತ್ತದೆ. ಕಿರುಚಿತ್ರಗಳ ಒಂದು ಕಂತನ್ನಾದರೂ ನೋಡಿ, ಇಷ್ಟವಾಗದ ಚಿತ್ರ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಕತಾರಿನಲ್ಲೇ ತಯಾರಾದವನ್ನು ಬಿಡಬೇಡಿ. ನಾವು ದುಡಿಯುವ, ಬಾಡಿಗೆ ಕಟ್ಟುವ, ಮಕ್ಕಳನ್ನು ಶಾಲೆಗೆ ಬಿಡುವ ಬೀದಿಗಳು ಇನ್ನೊಬ್ಬರ ಕಣ್ಣಿಗೆ ಹೇಗೆ ಕಂಡಿವೆ ಎಂಬುದು ಅಲ್ಲಿದೆ. ಚಿತ್ರ ಮುಗಿದೊಡನೆ ಎದ್ದು ಹೋಗಬೇಡಿ. ಹೆಸರುಗಳೆಲ್ಲ ಓಡಿ ಮುಗಿಯಲಿ, ನಿರ್ದೇಶಕರು ಬಂದಿದ್ದರೆ ಮಾತಾಡಲಿ. ಅರ್ಥವಾಗದ್ದನ್ನು ಎದ್ದುನಿಂತು ಕೇಳಿ, ಇಂಗ್ಲಿಷ್ ತಡವರಿಸಿದರೂ ಸರಿ. ಮುಂದಿನ ಹಬ್ಬದ ಪಟ್ಟಿ ಬಂದಾಗ ಒಂದು ಸ್ಪರ್ಧಾ ಚಿತ್ರ, ಒಂದು ಹಳೆಯ ಚಿತ್ರ, ಎರಡಕ್ಕೆ ಟಿಕೆಟ್ ತೆಗೆಸಿ. ಇನ್ನೂ ಹೋಗದ ಒಬ್ಬರು ಗೆಳೆಯರನ್ನು ಜೊತೆಗೆ ಕರೆದುಕೊಂಡು ಬನ್ನಿ.