ತೋಳನ ಸಾವಿನ ಮೊಕದ್ದಮೆ

ಜಾಸ್ಪರ್ ಫೋರ್ಡ್ ಎಂಬ ಆಂಗ್ಲ ಲೇಖಕರ ‘ದಿ ಬಿಗ್ ಓವರ್ ಈಸಿ’ (2005) ಶಿಶುಗೀತೆಯ ಪಾತ್ರಗಳನ್ನೇ ಕೂಡಿಸಿದ ಪತ್ತೇದಾರಿ ಕಾದಂಬರಿ. ಗೋಡೆಯ ಕೆಳಗೆ ಒಡೆದು ಬಿದ್ದ ಹಂಪ್ಟಿ ಡಂಪ್ಟಿಯ ಸಾವನ್ನು ರೆಡಿಂಗ್ ಪಟ್ಟಣದ ಪೊಲೀಸು ಅಧಿಕಾರಿ ಜ್ಯಾಕ್ ಸ್ಪ್ರಾಟ್ ತನಿಖೆ ಮಾಡುತ್ತಾನೆ. ಕೊಬ್ಬು ತಿನ್ನದ ಅವನೂ ಗೀತೆಯವನೇ. ಹಂಪ್ಟಿ ಏಕೆ ಬಿದ್ದನೆಂದು ಗೀತೆ ಹೇಳುವುದಿಲ್ಲ, ಮೊಟ್ಟೆಯೆಂದೂ ಹೇಳುವುದಿಲ್ಲ. ಆ ಮೌನದಲ್ಲಿಯೇ ಲೇಖಕರು ಎಡೆ ಕಂಡುಕೊಂಡಿದ್ದಾರೆ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಆರಂಭದ ಪ್ರಸಂಗ: ತೋಳನನ್ನು ಕುದಿನೀರಿನಲ್ಲಿ ಕೊಂದ ಆರೋಪದಿಂದ ಮೂರು ಹಂದಿಗಳು ಖುಲಾಸೆಯಾಗುತ್ತವೆ. ತರಗತಿಯಲ್ಲಿ ತೋಳ ಹಂಡೆಗೆ ಬಿದ್ದೊಡನೆ ಮಕ್ಕಳೊಡನೆ ನಾವೂ ನಕ್ಕವರೇ. ಸತ್ತವನ ಪರವಾಗಿ ಒಬ್ಬರೂ ಕೇಳಿದ್ದಿಲ್ಲ. ಮುಂದೆ ಚಮತ್ಕಾರದ ಮೋಹ ಹೆಚ್ಚಿ, ಆ ಪ್ರಶ್ನೆ ನಗೆಯಲ್ಲಿ ಕರಗಿಹೋಗುತ್ತದೆ. ಇದನ್ನು ನಾವು ಕೊರತೆಯೆಂದೇ ಎಣಿಸುತ್ತೇವೆ. ಹಂಪ್ಟಿಯನ್ನು ಕೊಂದವರಾರೆಂದು ತಿಳಿಯಲು ಕೊನೆಯವರೆಗೂ ಓದಿದೆವೆಂಬುದು ಬೇರೆ ಮಾತು.