ಪೆಂಗ್ವಿನ್ ಸಫರ್‌ನಾಮೆಗಳಲ್ಲಿ ಇಲ್ಲದ ಹಿಸಾಬು

ಅಂಟಾರ್ಕ್ಟಿಕಾಕ್ಕೆ ಕ್ರೂಸ್ ಹಡಗಿನಲ್ಲಿ ಹೋಗಿಬಂದವರ ಬರಹಗಳು ಈಗ ಧಾರಾಳವಾಗಿ ಸಿಗ್ತವೆ. ಪತ್ರಿಕೆಗಳ ಭಾನುವಾರದ ಪುರವಣಿ, ಕಂಪನಿಗಳ ಬ್ರೋಷರ್, ಯೂಟ್ಯೂಬ್ ವಿಡಿಯೊ, ಎಲ್ಲಿ ನೋಡಿದರೂ ಇವೆ. ಬರೆದವರು ಬೇರೆ ಬೇರೆ, ಆದರೆ ಒಂದೇ ಕೈ ಬರೆದ ಹಾಗೆ ಕಾಣ್ತದೆ. ಅರ್ಜೆಂಟೀನಾದ ಉಶುವಾಯಾದಲ್ಲಿ ಹಡಗು ಹತ್ತೋದು, ಡ್ರೇಕ್ ಜಲಸಂಧಿಯಲ್ಲಿ ಎರಡು ದಿನ ತಲೆಸುತ್ತು, ಮೊದಲ ಹಿಮಗಡ್ಡೆ ಕಂಡಾಗ ಕಣ್ಣೀರು, ರಬ್ಬರ್ ದೋಣಿಯಿಂದ ಇಳಿದು ಪೆಂಗ್ವಿನ್ ನೋಡೋದು, ತಿಮಿಂಗಿಲದ ಬಾಲ, ಕೊನೆಗೆ ‘ನಾನು ಬದಲಾದೆ’ ಎಂಬ ವಾಕ್ಯ. ಸಫರ್‌ನಾಮಾ ಓದಿ ಬೆಳೆದ ನಮ್ಮಂಥವರು ಇದನ್ನು ಪ್ರವಾಸ ಸಾಹಿತ್ಯ ಎಂದೇ ಓದಬೇಕು, ಅದೇ ತಕ್ಕಡಿಯಲ್ಲಿ ತೂಗಬೇಕು.

ಮೊದಲು ಒಂದು ಪದ ನೋಡೋಣ. ಇವರು ‘ಕ್ರೂಸ್’ ಅಂತ ಮಾತ್ರ ಹೇಳೋದಿಲ್ಲ, ‘ಎಕ್ಸ್‌ಪೆಡಿಶನ್ ಕ್ರೂಸ್’ ಅಂತಾರೆ. ಎಕ್ಸ್‌ಪೆಡಿಶನ್‌ಗೆ ಉರ್ದುವಿನಲ್ಲಿ ಮುಹಿಮ್, ಕನ್ನಡದಲ್ಲಿ ದಂಡಯಾತ್ರೆ ಅಥವಾ ಸಾಹಸಯಾತ್ರೆ. ಮುಹಿಮ್‌ಗೆ ಹೊರಟವನು ತಿರುಗಿ ಬರ್ತಾನೆ ಅನ್ನೋ ಖಾತ್ರಿ ಮನೆಯವರಿಗೆ ಇರೋದಿಲ್ಲ. ಆಪ್ಸ್‌ಲಿ ಚೆರಿ-ಗರಾರ್ಡ್ 1922ರಲ್ಲಿ ಪ್ರಕಟಿಸಿದ ‘ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್’ ಅಂಥ ಮುಹಿಮ್‌ನ ಪುಸ್ತಕ. 1911ರ ಅಂಟಾರ್ಕ್ಟಿಕ್ ಚಳಿಗಾಲದಲ್ಲಿ, ದಿನವಿಡೀ ಕತ್ತಲಿರುವಾಗ, ವಿಲ್ಸನ್, ಬವರ್ಸ್ ಮತ್ತು ಇವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋದರು. ಪಕ್ಷಿಗಳಿಗೂ ಸರೀಸೃಪಗಳಿಗೂ ಇರುವ ಸಂಬಂಧ ಆ ಮೊಟ್ಟೆಯ ಭ್ರೂಣದಲ್ಲಿ ಕಾಣಬಹುದು ಅಂತ ಆಗ ನಂಬಿದ್ದರು. ಬಿರುಗಾಳಿಗೆ ಟೆಂಟ್ ಹಾರಿಹೋಯಿತು, ಪುಣ್ಯಕ್ಕೆ ಮತ್ತೆ ಸಿಕ್ಕಿತು. ಐದು ವಾರದ ನಂತರ ಮೂರು ಮೊಟ್ಟೆ ಉಳಿಸಿಕೊಂಡು ವಾಪಸ್ ಬಂದರು. ಮುಂದಿನ ವರ್ಷ ವಿಲ್ಸನ್, ಬವರ್ಸ್ ಇಬ್ಬರೂ ಸ್ಕಾಟ್ ಜೊತೆ ಹಿಮದಲ್ಲೇ ಸತ್ತರು. ಲಂಡನ್ನಿನ ಮ್ಯೂಸಿಯಂಗೆ ಮೊಟ್ಟೆ ತಲುಪಿಸಲು ಹೋದ ಚೆರಿ-ಗರಾರ್ಡ್‌ಗೆ ರಸೀದಿಗಾಗಿ ಕಾಯಬೇಕಾಯಿತು. ಆ ಭ್ರೂಣಗಳಿಂದ ವಿಜ್ಞಾನಕ್ಕೆ ಸಿಕ್ಕಿದ್ದೂ ಅಷ್ಟಕ್ಕಷ್ಟೇ.

ಈ ಪುಸ್ತಕದ ದೊಡ್ಡತನ ಹಿಸಾಬಿನಲ್ಲಿದೆ. ಏನು ಪಡೆಯಲು ಹೋದೆವು, ಯಾರು ಏನು ತೆತ್ತರು, ಕೈಗೆ ಎಷ್ಟು ಬಂತು, ಮೂರನ್ನೂ ಲೇಖಕ ಮುಚ್ಚಿಡದೆ ಬರೀತಾನೆ. ಹೀಟರ್ ಇರುವ ಕ್ಯಾಬಿನ್‌ನಲ್ಲಿ ಮಲಗಿ, ಬೆಳಿಗ್ಗೆ ಬಫೆ ತಿಂದು, ಗೈಡ್ ಕರೆದಾಗ ದೋಣಿ ಹತ್ತುವವರು ಅದೇ ಪದ ಎತ್ತಿಕೊಂಡರೆ, ಕೀರ್ತಿಯನ್ನಷ್ಟೇ ಎರವಲು ಪಡೆದ ಹಾಗಾಯಿತು. ಕ್ರೂಸ್‌ಗೆ ಹೋಗೋದು ತಪ್ಪಲ್ಲ. ಹಲವು ಲಕ್ಷ ರೂಪಾಯಿ ಕೊಟ್ಟವರು ಬೆಚ್ಚಗಿರಲಿ. ಬರಹ ಮಾತ್ರ ತಾನು ಏನೋ ಅದೇ ಆಗಿರಬೇಕು.

ಎರಡನೇ ಪದ ‘ಅನ್‌ಟಚ್ಡ್’, ಅಂದರೆ ಮನುಷ್ಯ ಮುಟ್ಟದ ನಾಡು. ಇದು ಸುಳ್ಳು. ಎಷ್ಟೋ ಹಡಗುಗಳು ನಿಲ್ಲುವ ಡಿಸೆಪ್ಶನ್ ದ್ವೀಪದ ತೀರದಲ್ಲಿ ತಿಮಿಂಗಿಲದ ಎಣ್ಣೆ ಕಾಯಿಸಿದ ಬಾಯ್ಲರ್‌ಗಳು ತುಕ್ಕು ಹಿಡಿದು ನಿಂತಿವೆ. ದಕ್ಷಿಣ ಜಾರ್ಜಿಯಾದ ಗ್ರಿಟ್ವಿಕೆನ್‌ನಲ್ಲಿ 1904ರಲ್ಲಿ ಶುರುವಾದ ತಿಮಿಂಗಿಲ ಕಾರ್ಖಾನೆ 1960ರ ದಶಕದವರೆಗೆ ನಡೀತು. ಅದಕ್ಕೂ ಮೊದಲು, 19ನೇ ಶತಮಾನದಲ್ಲಿ, ತುಪ್ಪಳದ ಸೀಲ್‌ಗಳನ್ನು ಬೇಟೆಗಾರರು ಹೆಚ್ಚುಕಡಿಮೆ ನಿರ್ನಾಮ ಮಾಡಿದ್ದರು. ಪ್ರವಾಸಿ ಇವತ್ತು ಕ್ಯಾಮೆರಾದಲ್ಲಿ ಹಿಡಿಯುವ ಹಂಪ್‌ಬ್ಯಾಕ್ ತಿಮಿಂಗಿಲ ಆ ಕಸಾಯಿಖಾನೆಯಿಂದ ಉಳಿದು ಬಂದ ಸಂತತಿ. ಈ ಕಥೆ ಬ್ರೋಷರಿನ ಕಥೆಗಿಂತ ಎಷ್ಟೋ ದೊಡ್ಡದು. ‘ಮುಟ್ಟದ’ ಅನ್ನೋ ಒಂದು ವಿಶೇಷಣಕ್ಕಾಗಿ ಅದನ್ನು ಬಿಟ್ಟುಬಿಡ್ತಾರೆ.

ಮೂರನೆಯದು ಪದಕ್ಕಿಂತ ಹೆಚ್ಚಾಗಿ ಒಂದು ವಾದ. ‘ನೋಡಿದವರೇ ಪ್ರೀತಿಸ್ತಾರೆ, ಪ್ರೀತಿಸಿದವರೇ ಉಳಿಸ್ತಾರೆ, ಆದ್ದರಿಂದ ಪ್ರತಿ ಪ್ರವಾಸಿಯೂ ಅಂಟಾರ್ಕ್ಟಿಕಾದ ರಾಯಭಾರಿ’ ಅಂತಾರೆ. ಈ ಬಗೆಯ ಪ್ರವಾಸಕ್ಕೆ ದಾರಿ ಹಾಕಿದ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ 1966ರಲ್ಲಿ ಪ್ರವಾಸಿಗಳನ್ನು ಅಲ್ಲಿಗೆ ಕರೆದೊಯ್ದಾಗ ಅವರ ನಂಬಿಕೆಯೂ ಇದೇ ಆಗಿತ್ತು. ನಂಬಿಕೆ ಪ್ರಾಮಾಣಿಕವೇ. ಆದರೆ ತಿಮಿಂಗಿಲದ ಇತಿಹಾಸ ಬೇರೆ ಮಾತು ಹೇಳ್ತದೆ. 1970ರಲ್ಲಿ ರೋಜರ್ ಪೇನ್ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡಿನ ಗ್ರಾಮಫೋನ್ ರೆಕಾರ್ಡ್ ಹೊರತಂದರು. ಲಕ್ಷಾಂತರ ಜನ ಮನೆಯಲ್ಲಿ ಕೂತು ಅದನ್ನು ಕೇಳಿದರು. ಬೇಟೆ ನಿಲ್ಲಿಸಿ ಎಂಬ ಕೂಗು ಬಲವಾಯಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು ತೀರ್ಮಾನಿಸಿತು, 1986ರಿಂದ ಅದು ಜಾರಿಗೆ ಬಂತು. ಆ ಕೂಗಿನಲ್ಲಿ ಸೇರಿದ ಬಹುತೇಕರು ಧ್ರುವದ ಕಡಲನ್ನು ಕಂಡವರೇ ಅಲ್ಲ. ಕೇಳಿ ಪ್ರೀತಿಸಬಹುದು, ಓದಿ ಪ್ರೀತಿಸಬಹುದು. ಹಡಗಿನ ಟಿಕೆಟ್ ಇಲ್ಲದ ಬಹುಪಾಲು ಮನುಷ್ಯರನ್ನು ಆ ಪ್ರೀತಿಯಿಂದ ಹೊರಗಿಡುವ ವಾದವನ್ನು ನಾವು ಸುಮ್ಮನೆ ಒಪ್ಪಬಾರದು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. 1991ರಲ್ಲಿ ಪ್ರವಾಸ ಕಂಪನಿಗಳು ತಾವೇ ಒಂದು ಸಂಘ ಕಟ್ಟಿಕೊಂಡವು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸುವ ಹಾಗಿಲ್ಲ. ಒಂದು ಜಾಗದಲ್ಲಿ ಒಮ್ಮೆಗೆ 100 ಜನ ಪ್ರವಾಸಿಗಳು ಮಾತ್ರ. ಪೆಂಗ್ವಿನ್‌ನಿಂದ 5 ಮೀಟರ್ ದೂರ ನಿಲ್ಲಬೇಕು. ಇಳಿಯುವ ಮೊದಲು ಬೂಟು ತೊಳೆಯಬೇಕು, ಬಟ್ಟೆಗೆ ಅಂಟಿದ ಬೀಜ ತೆಗೆಯಬೇಕು. ಬಹಳಷ್ಟು ಗೈಡ್‌ಗಳು ಇದನ್ನು ಶ್ರದ್ಧೆಯಿಂದ ಪಾಲಿಸ್ತಾರೆ. ಪ್ರವಾಸ ಕಥನಗಳೂ ಈ ನಿಯಮಗಳನ್ನು ಹೆಮ್ಮೆಯಿಂದ ಬರೀತಾವೆ.

ಬರೆಯದೆ ಬಿಡುವುದು ಇನ್ನೊಂದು ಪಟ್ಟಿ. 2023-24ರ ಒಂದೇ ಸೀಸನ್ನಿನಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಆ ನೀರಿಗೆ ಹೋದರು. ಹಡಗಿನ ಹೊಗೆಯ ಮಸಿ ಹಿಮದ ಮೇಲೆ ಕೂತರೆ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಲ್ಲಿ, ಒಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ ಅವಧಿಗೆ ಮುಂಚೆ ಕರಗ್ತದೆ. ಲಿಂಡ್‌ಬ್ಲಾಡ್ ಈ ಪ್ರವಾಸಕ್ಕೆಂದೇ ಕಟ್ಟಿಸಿ 1969ರಲ್ಲಿ ನೀರಿಗಿಳಿಸಿದ ಹಡಗು, ಕೈ ಬದಲಾಗಿ ‘ಎಕ್ಸ್‌ಪ್ಲೋರರ್’ ಹೆಸರಿನಲ್ಲಿ ಓಡ್ತಿದ್ದಾಗ, 2007ರ ನವೆಂಬರ್‌ನಲ್ಲಿ ಹಿಮಕ್ಕೆ ತಾಗಿ ಮುಳುಗಿತು. 154 ಜನರೂ ಬದುಕಿದರು, ಆದರೆ ಹಡಗು ಎಣ್ಣೆಯ ಸಮೇತ ತಳ ಸೇರಿತು. ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ, 2018ರ ಜುಲೈನಲ್ಲಿ ಪ್ರವಾಸಿಗಳ ಇಳಿತಾಣ ಪರೀಕ್ಷಿಸಲು ಹೋದ ಕ್ರೂಸ್ ಹಡಗಿನ ಕಾವಲುಗಾರನ ಮೇಲೆ ಹಿಮಕರಡಿ ಎರಗಿತು. ಅವನಿಗೆ ಗಾಯವಾಯಿತು, ಕರಡಿಯನ್ನು ಅಲ್ಲೇ ಗುಂಡಿಕ್ಕಿ ಕೊಂದರು. ಆಮೇಲೆ ನಿಯಮಗಳು ಬಿಗಿಯಾದವು. 2025ರಿಂದ ಅಲ್ಲಿ ಕರಡಿಯಿಂದ ಕನಿಷ್ಠ 300 ಮೀಟರ್, ವಸಂತದಲ್ಲಿ 500 ಮೀಟರ್ ದೂರ ಇರಬೇಕು. ನೋಡಲು ಹೋದವರಿಗಾಗಿ ನೋಡಬೇಕಾದ್ದೇ ಸತ್ತರೆ ಆ ಲೆಕ್ಕ ಯಾರ ಖಾತೆಗೆ?

ಇಲ್ಲಿ ನಮಗೆ ಇಬ್ನ್ ಬತೂತಾ ನೆನಪಾಗಬೇಕು. 14ನೇ ಶತಮಾನದ ಆ ಮುಸಾಫಿರ್ ವೋಲ್ಗಾ ತೀರದ ಬುಲ್ಗಾರ್‌ನಿಂದ ಆಚೆಗಿನ ‘ಕತ್ತಲ ನಾಡಿ’ಗೆ ಹೋಗುವ ಆಸೆಯಿತ್ತು ಅಂತ ಬರೀತಾನೆ. ನಲವತ್ತು ದಿನದ ದಾರಿ, ನಾಯಿಗಳು ಎಳೆಯುವ ಗಾಡಿ. ಊಟದ ಹೊತ್ತಿಗೆ ಮನುಷ್ಯರಿಗಿಂತ ಮೊದಲು ನಾಯಿಗಳಿಗೆ ಹಾಕಬೇಕು, ಇಲ್ಲದಿದ್ದರೆ ಮುಂದಾಳು ನಾಯಿ ಮುನಿಸಿಕೊಂಡು ಯಜಮಾನನನ್ನು ಬಿಟ್ಟು ಹೋಗ್ತದಂತೆ. ವ್ಯಾಪಾರಿಗಳು ಸರಕು ಇಟ್ಟು ದೂರ ಸರೀತಾರೆ, ಮರುದಿನ ಬಂದರೆ ಪಕ್ಕದಲ್ಲಿ ತುಪ್ಪಳ ಇರ್ತದೆ. ಇಟ್ಟವರು ಮನುಷ್ಯರೋ ಜಿನ್ನ್‌ಗಳೋ ಅಂತಲೂ ಅವರಿಗೆ ಗೊತ್ತಿಲ್ಲ. ಇಷ್ಟೆಲ್ಲ ಹೇಳಿ, ತೊಂದರೆ ದೊಡ್ಡದು, ಲಾಭ ಚಿಕ್ಕದು ಅಂತ ತಾನು ಹೋಗಲಿಲ್ಲ ಅಂತಾನೆ. ಬುಲ್ಗಾರ್‌ಗೂ ಅವನು ಹೋಗಿರಲಿಕ್ಕಿಲ್ಲ ಅನ್ನುವ ವಿದ್ವಾಂಸರಿದ್ದಾರೆ. ಇರಲಿ. ಆದರೂ ಆ ಪುಟಗಳಲ್ಲಿ ನಾಯಿಗೆ ಜಾಗ ಇದೆ, ಕೂಲಿಗೆ ಜಾಗ ಇದೆ, ಖರ್ಚಿಗೂ ಜಾಗ ಇದೆ. ‘ಹೋಗದಿರುವುದು’ ಕೂಡ ಸಫರ್‌ನಾಮೆಯ ಒಂದು ಗೌರವದ ನಿರ್ಧಾರ ಆಗಿದೆ.

ಈಗಿನ ಕ್ರೂಸ್ ಬರಹಗಳಲ್ಲಿ ಆ ನಾಯಿಗಳ ಜಾಗದಲ್ಲಿ ದುಡಿಯುವವರು ಕಾಣೋದೇ ಇಲ್ಲ. ಮುಂಬೈ, ಗೋವಾ ಕಡೆಯ ಎಷ್ಟೋ ಮನೆಗಳ ಹುಡುಗರು ವರ್ಷದಲ್ಲಿ ತಿಂಗಳುಗಟ್ಟಲೆ ಕ್ರೂಸ್ ಹಡಗುಗಳ ಅಡುಗೆಮನೆಯಲ್ಲಿ, ಲಾಂಡ್ರಿಯಲ್ಲಿ, ಎಂಜಿನ್ ರೂಮಿನಲ್ಲಿ ಇರ್ತಾರೆ. ಪ್ರಯಾಣಿಕರು ಡೆಕ್ ಮೇಲೆ ನಿಂತು ತಿಮಿಂಗಿಲ ನೋಡುವಾಗ ತಟ್ಟೆ ತೊಳೀತಿರುವವನಿಗೆ ಅದು ಕಂಡಿತೋ ಇಲ್ಲವೋ? ಈ ಒಂದು ಪ್ರಶ್ನೆ ಕೇಳಿದ ಪ್ರವಾಸ ಕಥನ ನನ್ನ ಓದಿಗೆ ಇನ್ನೂ ಸಿಕ್ಕಿಲ್ಲ.

ನಾನು ಪಾಠ ಹೇಳುವ ಮಕ್ಕಳಲ್ಲಿ ಹೆಚ್ಚಿನವರು ಅಂಟಾರ್ಕ್ಟಿಕಾಕ್ಕೆ ಹೋಗೋದಿಲ್ಲ. ಅವರಿಗೆ ಆ ಕಡಲು ಸಿಗುವುದು ಯಾರೋ ಬರೆದ ಮಾತಿನಲ್ಲೇ. ಆದ್ದರಿಂದ ಮಾತು ಹೇಗಿದೆ ಅನ್ನೋದು ಸಣ್ಣ ವಿಷಯವಲ್ಲ. ಕನ್ನಡದವರು, ಉರ್ದುವಿನವರು ಈಗ ಆ ಕಡೆ ಹೋಗ್ತಿದ್ದಾರೆ, ಮುಂದೆ ಇನ್ನೂ ಹೋಗ್ತಾರೆ, ಬರೀತಾರೆ. ಬರೆಯಲಿ. ಪೆಂಗ್ವಿನ್ ಬಗ್ಗೆ ಬರೆಯುವಾಗ ಅದು ತಿನ್ನುವ ಕ್ರಿಲ್ ಬಗ್ಗೆಯೂ, ಆ ಕ್ರಿಲ್‌ಗಾಗಿ ಬಲೆ ಎಳೆಯುವ ಮೀನುಗಾರಿಕೆ ಹಡಗಿನ ಬಗ್ಗೆಯೂ ಬರೆಯಲಿ. ತಿಮಿಂಗಿಲದ ಜೊತೆ ಬಾಯ್ಲರ್, ಡೆಕ್ಕಿನ ಜೊತೆ ಅಡುಗೆಮನೆ, ಟಿಕೆಟ್ಟಿನ ದರದ ಜೊತೆ ಕರಗಿದ ಹಿಮ ಬರಲಿ. ಇಷ್ಟು ಇದ್ದರೆ ಆ ಬರಹವನ್ನು ನಾನೇ ಕ್ಲಾಸಿನಲ್ಲಿ ಜೋರಾಗಿ ಓದಿಸ್ತೀನಿ.