ಹೆಡ್‌ಲೈನಿನಲ್ಲಿದ್ದ ಇಲಿ ಎಲ್ಲಿ ಹೋಯ್ತು?

ಹೋದ ವಾರ ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಮ್ಮ ಒಂದು ಸುದ್ದಿ ಹಾಕಿದ್ದರು: ಅಲ್ಝೈಮರ್‌ಗೆ ಕೊನೆಗೂ ಮದ್ದು! ನಮ್ಮಜ್ಜಿಗೆ ಆ ಕಾಯಿಲೆ ಇದೆ, ಈಗೀಗ ದೊಡ್ಡಮ್ಮನ ಹೆಸರೂ ನೆನಪಿರುವುದಿಲ್ಲ. ಹಾಗಾಗಿ ಗ್ರೂಪಿನ ತುಂಬ ಕೈಮುಗಿದ ಇಮೋಜಿಗಳು. ನಾನು ಲಿಂಕ್ ಒತ್ತಿ ಓದಿದೆ. ಏಳನೇ ಪ್ಯಾರಾದಲ್ಲಿ, ಜಾಹೀರಾತಿನ ಕೆಳಗೆ, ಆ ಪದ ಸಿಕ್ಕಿತು: "ಇಲಿಗಳಲ್ಲಿ".

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ. ಇಲ್ಲಿ ಉಲ್ಟಾ. ಇಲಿ ಹಿಡಿದವರು ಬೆಟ್ಟವನ್ನೇ ಅಗೆದೆವು ಅಂತಿದ್ದಾರೆ.

ನನ್ನ ತಕರಾರು ಇಲಿಗಳ ಮೇಲಿನ ಪ್ರಯೋಗದ ಬಗ್ಗೆ ಅಲ್ಲ, ಆ ಪದವನ್ನು ನುಂಗಿಹಾಕುವುದರ ಬಗ್ಗೆ. ಯಾಕಂದ್ರೆ ಇಲಿಗೆ ತಾನಾಗಿ ಅಲ್ಝೈಮರ್ ಬರುವುದೇ ಇಲ್ಲ. ಕೆಲವೇ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ, ವಯಸ್ಸಾಗುವ ಮೊದಲೇ ಈ ಕಾಯಿಲೆ ಬರುತ್ತದೆ. ಅಂಥವರಲ್ಲಿ ಕಂಡ ದೋಷವಿರುವ ಮನುಷ್ಯರ ಜೀನನ್ನು 1990ರ ದಶಕದಲ್ಲಿ ವಿಜ್ಞಾನಿಗಳು ಇಲಿಗೆ ಸೇರಿಸಿದರು. ಅದರ ಮಿದುಳಿನಲ್ಲಿ ಅಮಿಲಾಯ್ಡ್ ಪ್ರೋಟೀನ್ ಗಟ್ಟಿಯಾಗಿ ಪ್ಲಾಕ್ ಕಟ್ಟಿತು. ತೊಟ್ಟಿಯ ನೀರಿನಲ್ಲಿ ಮುಳುಗಿದ ಹಲಗೆ ಎಲ್ಲಿದೆ ಅನ್ನೋದನ್ನು ಇಲಿ ಮರೆಯತೊಡಗಿತು. ಆದರೆ ಮನುಷ್ಯರಲ್ಲಿ ಆಗುವಂತೆ ನರಕೋಶಗಳು ದೊಡ್ಡ ಪ್ರಮಾಣದಲ್ಲಿ ಸಾಯಲಿಲ್ಲ, ಟೌ ಪ್ರೋಟೀನಿನ ಸಿಕ್ಕುಗಳು ಕಟ್ಟಲಿಲ್ಲ. ಅಂದರೆ ಆ ಇಲಿಯಲ್ಲಿ ಇದ್ದದ್ದು ರೋಗದ ಒಂದು ತುಣುಕು. ಬಹುಪಾಲು ರೋಗಿಗಳಲ್ಲಿ ಆ ಜೀನ್ ದೋಷವೂ ಇರುವುದಿಲ್ಲ.

1999ರಲ್ಲಿ ಇಂಥ ಇಲಿಗಳಿಗೆ ಅಮಿಲಾಯ್ಡ್ ವಿರುದ್ಧ ಲಸಿಕೆ ಕೊಟ್ಟ ವರದಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎಳೆಯ ಇಲಿಗಳಲ್ಲಿ ಪ್ಲಾಕ್ ಕಟ್ಟಲಿಲ್ಲ, ವಯಸ್ಸಾದವುಗಳಲ್ಲಿ ಕಡಿಮೆಯಾಯಿತು. ಎಲ್ಲರೂ ಕುಣಿದಾಡುವ ಸುದ್ದಿಯೇ. ಮನುಷ್ಯರ ಮೇಲಿನ ಪ್ರಯೋಗದಲ್ಲಿ ಲಸಿಕೆ ಪಡೆದ ಸುಮಾರು 300 ಜನರಲ್ಲಿ 18 ಮಂದಿಗೆ ಮಿದುಳು ಉರಿಯೂತ ಬಂತು. 2002ರಲ್ಲಿ ಲಸಿಕೆ ನಿಲ್ಲಿಸಿದರು. ಲಸಿಕೆ ಪಡೆದು ಮುಂದೆ ತೀರಿಕೊಂಡ ಕೆಲವರ ಮಿದುಳು ಪರೀಕ್ಷಿಸಿದ ವರದಿ 2008ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಕೆಲವರಲ್ಲಿ ಪ್ಲಾಕ್ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಆದರೂ ಸಾಯುವ ಹೊತ್ತಿಗೆ ಅವರ ಮರೆವು ತೀವ್ರವಾಗಿಯೇ ಇತ್ತು.

ಇಲಿ ಸುಳ್ಳು ಹೇಳಿರಲಿಲ್ಲ. ಪ್ಲಾಕ್ ತೆಗೆಯಬಹುದಾ ಅಂತ ಕೇಳಿದ್ದಕ್ಕೆ ಹೌದು ಅಂದಿತ್ತು, ಅಷ್ಟೇ. ಅದೇ ಜಾಡಿನಲ್ಲಿ ಬಂದ ಲೆಕಾನೆಮ್ಯಾಬ್ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದು ಆರಂಭದ ಹಂತದ ರೋಗವನ್ನು ಸ್ವಲ್ಪ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ತಪ್ಪು ಪತ್ರಕರ್ತರದ್ದು ಮಾತ್ರ ಅಂದುಕೊಂಡಿದ್ದೆ. 2021ರಲ್ಲಿ 'ಪ್ಲಾಸ್ ಬಯಾಲಜಿ'ಯಲ್ಲಿ ಬಂದ ಅಧ್ಯಯನವೊಂದು ಇಲಿಗಳನ್ನು ಬಳಸಿದ 623 ಅಲ್ಝೈಮರ್ ಪ್ರಬಂಧಗಳನ್ನು ನೋಡಿತು. ವಿಜ್ಞಾನಿಗಳೇ ಶೀರ್ಷಿಕೆಯಲ್ಲಿ ಇಲಿಯನ್ನು ಬಿಟ್ಟರೆ, ಪತ್ರಿಕೆಗಳೂ ಹೆಡ್‌ಲೈನಿನಲ್ಲಿ ಬಿಡುವುದು ಹೆಚ್ಚು ಅಂತ ಗೊತ್ತಾಯಿತು. ಒಂದೇ ಒಂದು ಪದ ಸೇರಿಸೋದಕ್ಕೆ ಇಬ್ಬರಿಗೂ ಏನು ಕಷ್ಟ?

ಗ್ರೂಪಿನಲ್ಲಿ ಬರೆಯದೆ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು. "ಸಂಜೆ ಹೇಳಬಾರದಿತ್ತೇನೋ? ಅಲ್ಲಿವರೆಗಾದ್ರೂ ಖುಷಿಯಾಗಿರ್ತಿದ್ದೆ" ಅಂದರು.

ಇದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ, ಆ ಹೆಡ್‌ಲೈನ್ ಬರೆದವರು.